ಬರೀ ಹೊಟ್ಟೆಯ ರಕ್ತ

ರಕ್ತ ತೆಗೆಯುವವನ ಮುಂದೆ ಸುಳ್ಳು ಹೇಳಿ ಪ್ರಯೋಜನವಿಲ್ಲ, ಆದರೂ ಜನ ದಿನಾ ಹೇಳುತ್ತಾರೆ. ಗಣಿಯ ಭರಾಟೆಯ ವರ್ಷಗಳಲ್ಲಿ ನಾನು ಹೊಸಪೇಟೆಯ ಒಂದು ಲ್ಯಾಬಿನಲ್ಲಿದ್ದೆ. ಊರಿಗೆ ದುಡ್ಡು ಬಂದ ಹಾಗೆ ರಕ್ತಕ್ಕೆ ಟ್ರೈಗ್ಲಿಸರೈಡ್ ಎಂಬ ಕೊಬ್ಬೂ ಬಂತು. ಅದು ಏರಿದರೆ ಹೃದಯಕ್ಕೆ ಕುತ್ತು. ಅಳೆಯಬೇಕೆಂದರೆ ಹನ್ನೆರಡು ತಾಸು ಹೊಟ್ಟೆ ಖಾಲಿ ಇರಬೇಕು. ಇಷ್ಟು ಸಣ್ಣ ನಿಯಮ ಪಾಲಿಸಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಶನಿವಾರದ ಉಪವಾಸ

ನಿವೃತ್ತ ಅಧಿಕಾರಿಯೊಬ್ಬರು, "ಶನಿವಾರ ಹೆಂಗೂ ನಂದು ಉಪವಾಸ, ಅವತ್ತೇ ಬರ್ತೀನಿ" ಎಂದು ಹೆಂಡತಿಯೊಂದಿಗೆ ಬಂದರು.

"ಏನೂ ತಿಂದಿಲ್ಲ ಅಲ್ರೀ?"

"ಶನಿವಾರ ನಾನು ಅನ್ನ ಮುಟ್ಟಂಗಿಲ್ಲಪ್ಪ!"

ಆದರೆ ಕೊಳವೆಯಲ್ಲಿ ರಕ್ತದ ಮೇಲೆ ನಿಂತ ನೀರು, ಈಗಷ್ಟೇ ಉಂಡವರದರಂತೆ ಕೊಬ್ಬು ತುಂಬಿ ಹಾಲಿನ ಹಾಗೆ ಬೆಳ್ಳಗಿತ್ತು. ಅವರ ಹೆಂಡತಿಯನ್ನು ಕೇಳಿದೆ.

"ಖರೇನ, ಅನ್ನ ಮುಟ್ಟಿಲ್ರಿ. ಮುಂಜಾನಿ ಎರಡು ಪ್ಲೇಟು ಉಪ್ಪಿಟ್ಟು, ಬಾಳೆಹಣ್ಣು, ಒಂದು ಲೋಟ ಹಾಲು ಅಷ್ಟ. ಪಾಪ, ಉಪವಾಸ ಅಂತ ತುಪ್ಪ ಒಂದೀಟು ಜಾಸ್ತಿ ಹಾಕಿದ್ದೆ."

ಗ್ರೇಡ್ ಎಷ್ಟು?

ಗಾದಿಗನೂರು ಕಡೆಯ ಅದಿರು ವ್ಯಾಪಾರಿಗೆ ಲ್ಯಾಬ್ ಎಂದರೆ ಅದಿರಿನ ಲ್ಯಾಬೇ. ಅಲ್ಲಿ ಗ್ರೇಡ್, ಅಂದರೆ ಕಬ್ಬಿಣದ ಅಂಶ, ಏರಿದಷ್ಟೂ ರೇಟು ಹೆಚ್ಚು.

"ನಂದು ಎಷ್ಟು ಬಂತ್ರಿ?"

"ಇರಬೇಕಾದ್ದಕ್ಕಿಂತ ಎರಡು ಪಟ್ಟು."

"ಮಸ್ತ್!" ಎಂದರು. ಏರಿದರೆ ಕೇಡು ಎಂದು ತಿಳಿಸಿ ಹೇಳಿದೆ. ಒಂದು ನಿಮಿಷ ಯೋಚಿಸಿ ಇನ್ನೊಂದು ತೋಳು ಚಾಚಿದರು.

"ರಾಶಿದು ಒಂದ ಕಡಿ ಸ್ಯಾಂಪಲ್ ತಗಂಡು ಯಾರರ ಲೆಕ್ಕ ಹಿಡಿತಾರೇನ್ರಿ? ಎಡಗೈದು ನೋಡ್ರಿ!"

ಯಶವಂತನಗರದ ಬಸ್ ಡ್ರೈವರ್

ಗಣಿ ಕಂಪನಿಯ ಬಸ್ ಓಡಿಸುತ್ತಿದ್ದ ಡ್ರೈವರ್ ಭಾರೀ ಆಳು. ಕಂಪನಿಯ ಆರೋಗ್ಯ ತಪಾಸಣೆಯಲ್ಲಿ ಫೇಲಾದರೆ ಸ್ಟೇರಿಂಗ್ ಕೈ ತಪ್ಪುತ್ತದೆಂದು ಅವನಿಗೆ ಜೀವಭಯ. ಅದಕ್ಕೆ ಕಡ್ಡಿಯಂಥ ಭಾಮೈದನನ್ನು ತನ್ನ ಹೆಸರಿನಲ್ಲಿ ಕಳಿಸಿದ. ಇಬ್ಬರ ಮುಖವನ್ನೂ ಅರಿಯದ ನಾನು ರಕ್ತ ತೆಗೆದೆ. ಟ್ರೈಗ್ಲಿಸರೈಡ್ ಆಕಾಶಕ್ಕೇರಿತ್ತು. ಅದು ಇಳಿಯುವ ತನಕ ಬಸ್ ಮುಟ್ಟಬೇಡ ಎಂದರು ಕಂಪನಿ ಡಾಕ್ಟರು.

ತಿಂಗಳು ಕಳೆದ ಮೇಲೆ ಡ್ರೈವರ್ ತನ್ನ ಹೆಂಡತಿಯನ್ನೂ ಭಾಮೈದನನ್ನೂ ಕರೆದುಕೊಂಡು ಲ್ಯಾಬಿಗೆ ಬಂದ. ಅರ್ಧ ಇಳಿದುಹೋಗಿದ್ದ.

"ತಪ್ಪಾತ್ರಿ ಸರ. ಆ ರಕ್ತ ನಂದಲ್ಲ, ಇವಂದು. ರಿಪೋರ್ಟ್ ನೋಡಿ ಇಕಿ ತಿಂಗಳಿಂದ ನನಗ ಬರೀ ಗಂಜಿ ಹಾಕ್ತಾಳ. ಇವ ನನ್ನ ಮುಂದ ಕುಂತು ಮಿರ್ಚಿ ಭಜಿ ತಿಂತಾನ!"

ಇಬ್ಬರದೂ ತೆಗೆದೆ. ಡ್ರೈವರ್‌ನದು ಸರಿಯಿತ್ತು. ಭಾಮೈದನದು ಇನ್ನೂ ಏರಿತ್ತು. ದೇಹ ಸಣಕಲಾದರೂ ದಿನಾ ಸಂಜೆಯ ಕುಡಿತ ರಕ್ತದ ಕೊಬ್ಬು ಏರಿಸಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. "ಹಿಂಗಾದ್ರ ಹೃದಯ ತಡಿಯಂಗಿಲ್ಲ, ಇವತ್ತ ಡಾಕ್ಟರ ಹತ್ರ ಹೋಗು" ಎಂದು ಗದರಿಸಿದೆ. ಅವನ ಮುಖ ಬಿಳುಪೇರಿತು. ಈ ರಿಪೋರ್ಟ್ ತೋರಿಸಿದರೆ ಕಂಪನಿಯವರು ಬಸ್ ಮರಳಿ ಕೊಟ್ಟಾರೆಂದು ಡ್ರೈವರ್ ಮಾತ್ರ ಹಿಗ್ಗಿ, "ನಡಿಯೇ, ಮೊದಲು ಮಿರ್ಚಿ ತಿನ್ನೂಣು" ಎಂದ.

ಹೆಂಡತಿ ಸೆರಗು ಬಿಗಿದಳು. "ಇನ್ನ ಮ್ಯಾಲೆ ಇಬ್ಬರಿಗೂ ಗಂಜಿ. ನನ್ನ ತಮ್ಮಗ ರಕ್ತ ಕೆಟ್ಟದ್ದಕ್ಕ. ನಿಮಗ, ಅವನ್ನ ಕಳಿಸಿದ್ದಕ್ಕ!"