ಯುವರಾಜರ ಇಪ್ಪತ್ತು ಅಡಿ

ಬಹಳ ಹಿಂದೆ, ಅಡಿಗೆ ಹನ್ನೆರಡೇ ಅಂಗುಲವೆಂದು ಜನ ಮುಗ್ಧವಾಗಿ ನಂಬಿದ್ದ ಕಾಲದಲ್ಲಿ, ಗಗನಾವತಿ ಎಂಬ ರಾಜ್ಯವಿತ್ತು. ಅಲ್ಲಿನ ಯುವರಾಜ ಪತಂಗಸೇನರಿಗೆ ಸೇನೆಯ ವಿಮಾನ ಹಾರಿಸುವ ಮನಸ್ಸಾಯಿತು. ಬಾಕಿಯಿದ್ದದ್ದು ಮೆಡಿಕಲ್ ಸರ್ಟಿಫಿಕೇಟ್ ಒಂದೇ. ಅದನ್ನು ಕೊಡಬೇಕಾದವರು ಆಸ್ಥಾನದ ನೇತ್ರವೈದ್ಯ ಅಂಜನಾಚಾರ್ಯರು.

ಆಚಾರ್ಯರು ಪುಕ್ಕಲರು, ಆದರೆ ಸುಳ್ಳರಲ್ಲ. ಇಪ್ಪತ್ತೈದು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದು, ಆ ತಿಂಗಳಷ್ಟೇ ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿಸಿದ ಸ್ವಂತ ಮನೆಯ ಗೃಹಪ್ರವೇಶ ಮಾಡಿದ್ದರು. ವರ್ಗಾವಣೆ ಎಂಬ ಶಬ್ದ ಕಿವಿಗೆ ಬಿದ್ದರೆ ಅವರ ಎದೆ ಧಸಕ್ಕೆನ್ನುತ್ತಿತ್ತು.

ನಿಯಮ ಸರಳ. ಕನ್ನಡಕವಿಲ್ಲದೆ, ಇಪ್ಪತ್ತು ಅಡಿ ದೂರದಿಂದ, ಅಕ್ಷರಫಲಕದ ಕೊನೆಯ ಸಾಲು ಓದಬೇಕು. ದೂರದ್ದು ಕಾಣದ ಯುವರಾಜರು ಫಲಕವನ್ನು ಚಿಕ್ಕಮ್ಮನೆಂದು ತಿಳಿದು ಕೈಮುಗಿದರು. ಆಚಾರ್ಯರು ಹೆಜ್ಜೆ ಹೆಜ್ಜೆಯಾಗಿ ಮುಂದೆ ಕರೆತಂದರು. ಎರಡು ಅಡಿಗೆ ಬಂದಾಗ ಯುವರಾಜರು ಕೊನೆಯ ಸಾಲನ್ನು ರಾಗವಾಗಿ ಓದಿದರು. ಆಚಾರ್ಯರು ಎರಡು ಸಲ ಬಾಗಿಲ ಕಡೆ ನೋಡಿ ‘ಅನರ್ಹ’ ಎಂದು ಬರೆದರು.

ಆಸ್ಥಾನ ಸೇರಿತು. ನಿಯಮ ಸಡಿಲಿಸೋಣವೆಂದ ದಂಡನಾಯಕನನ್ನು ಮಹಾರಾಜ ವಿಜೃಂಭಣರು ಗದರಿದರು. ನಿಯಮವೆಂದರೆ ಅವರಿಗೆ ಪ್ರಾಣ. ಆಗ ಮಹಾಮಾತ್ಯ ಅನುಮೋದರಾಯರು ಎದ್ದು, ನಿಯಮದ ಒಂದಕ್ಷರವನ್ನೂ ಮುಟ್ಟಬೇಕಾಗಿಲ್ಲ ಎಂದರು.

“ದೋಷ ಇರೋದು ಕಣ್ಣಲ್ಲಲ್ಲ ಪ್ರಭು, ಅಡಿಯಲ್ಲಿ. ಅದು ವಿಪರೀತ ಉದ್ದ ಆಗ್ಬಿಟ್ಟಿದೆ. ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ರೆ ಯುವರಾಜರು ಓದಿದ್ದು ಇಪ್ಪತ್ತು ಅಡಿಯಿಂದಲೇ. ಐದೂವರೆ ಅಡಿ ಇರೋ ತಾವೂ ಐವತ್ತೈದು ಅಡಿ ಆಗ್ತೀರಿ.”

ಅಂದಿನಿಂದಲೇ ಮಹಾರಾಜರು ಬಾಗಿಲು ದಾಟುವಾಗ ತಲೆ ತಗ್ಗಿಸತೊಡಗಿದರು.

‘ಸ್ಮಾರ್ಟ್ ಅಡಿ ಯೋಜನೆ’ ಜಾರಿಗೆ ಬಂತು. ಮಹಾಮಾತ್ಯರು ಹೊಸ ಅಳತೆಯ ಟೇಪನ್ನೂ ಸರ್ಟಿಫಿಕೇಟನ್ನೂ ಆಚಾರ್ಯರ ಮುಂದಿಟ್ಟು, ಗಡಿಯ ಆಸ್ಪತ್ರೆಯಲ್ಲಿ ಗಾಳಿ ಬಹಳ ಚೆನ್ನಾಗಿದೆಯಂತಲ್ಲ ಎಂದು ವಿಚಾರಿಸಿಕೊಂಡರು. ಆಚಾರ್ಯರಿಗೆ ಅರಿಶಿನ ಮಾಸದ ತಮ್ಮ ಹೊಸ ಹೊಸ್ತಿಲು ನೆನಪಾಯಿತು. ಎರಡಕ್ಕೂ ಸಹಿ ಹಾಕಿದರು. ನಾಚಿಕೆಯಾಯಿತು, ಆದರೆ ಮನೆ ಉಳಿಯಿತಲ್ಲ ಎಂದು ಸಮಾಧಾನಪಟ್ಟರು.

ಎಂಟನೆಯ ದಿನ ಸರ್ವೆಯವರು ಬಂದರು. ಹೊಸ ಟೇಪಿನಲ್ಲಿ ಆಚಾರ್ಯರ ಸೈಟು ಮುನ್ನೂರು-ನಾನೂರು ಅಡಿ ಬಂತು. ಹಕ್ಕುಪತ್ರದಲ್ಲಿದ್ದದ್ದು ಮೂವತ್ತು-ನಲವತ್ತು. ಉಳಿದದ್ದೆಲ್ಲ ಒತ್ತುವರಿ ಎಂದು ಅವರು ನಯವಾಗಿಯೇ ತಿಳಿಸಿದರು. ಇದಾವ ಟೇಪು ಎಂದು ಆಚಾರ್ಯರು ಕೇಳಿದಾಗ ಅದರ ತುದಿಯಲ್ಲಿದ್ದ ಅವರದೇ ಸಹಿ ತೋರಿಸಿದರು. ಸಂಜೆಯೊಳಗೆ ನಾಡಿನಲ್ಲೆಲ್ಲ ಬೀದಿಗೆ ಬೀದಿಯೇ ತೆರವಾಯಿತು. ಆಚಾರ್ಯರ ಪಾಲಿಗೆ ಉಳಿದದ್ದು ತುಳಸಿಕಟ್ಟೆಯ ಸುತ್ತಲಿನ ಜಾಗ.

ಅವರ ಹೆಂಡತಿ ಪದುಮಕ್ಕ ಮೂವರು ಮಕ್ಕಳನ್ನೂ ಹಾಸಿಗೆಯ ಸುರುಳಿಯನ್ನೂ ಅವುಚಿಕೊಂಡು ನಿಂತಿದ್ದಳು.

“ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತಿದ್ರಲ್ಲ,” ಎಂದಳು, “ಈಗ ಹಾಸಿಗೆ ಎಲ್ಲಿ ಬಿಚ್ಚಲಿ, ಹೇಳಿ.”

ಅಷ್ಟರಲ್ಲಿ ಯುವರಾಜರು ನಿಯಮದಂತೆ ಮುನ್ನೂರು ಅಡಿ ಎತ್ತರದಲ್ಲಿ, ಅಂದರೆ ತೆಂಗಿನಮರಗಳ ಸೊಂಟದ ಮಟ್ಟದಲ್ಲಿ ಹಾರಿಬಂದು, ಊರಿನ ಒಣಹಾಕಿದ ಬಟ್ಟೆಯನ್ನೆಲ್ಲ ರೆಕ್ಕೆಗೆ ಸಿಕ್ಕಿಸಿಕೊಂಡು ಹೋದರು. ಮಹಾರಾಜರು ಅವರಿಗೆ ‘ಗರುಡಾಕ್ಷ’ ಎಂಬ ಬಿರುದನ್ನೂ ವಿಮಾನದಳದ ಕಿರೀಟವನ್ನೂ ದಯಪಾಲಿಸಿದರು.

ಆ ಹೊತ್ತಿನಲ್ಲಿ ಇಡೀ ನಾಡೇ ಎದ್ದು ನಿಂತು ಗೌರವ ಸಲ್ಲಿಸಿತೆಂದು ಮರುದಿನ ಪತ್ರಿಕೆಗಳು ಬರೆದವು. ಸುಳ್ಳೇನಲ್ಲ. ಅಂಜನಾಚಾರ್ಯರೂ ನಿಂತೇ ಇದ್ದರು. ಕೂರಲು ಯಾರಿಗೂ ಜಾಗವಿರಲಿಲ್ಲ.