ರಾಕ್ ಬ್ಯಾಂಡನ್ನು ಗೇಲಿ ಮಾಡಿದ ನನ್ನ ಕಾದಂಬರಿಯ ಪಾಡು

ಬರೆದು ಇಪ್ಪತ್ತೈದು ವರ್ಷವಾದರೂ ಆ ಪುಸ್ತಕ ನನ್ನ ಬೆನ್ನು ಬಿಟ್ಟಿಲ್ಲ. ತಿಂಗಳಿಗೊಂದು ಪೇಚು ತಂದೇ ತರುತ್ತದೆ. ಆಗ ಕಲಬುರಗಿಯಲ್ಲಿ ಒಂದು ರಾಕ್ ಬ್ಯಾಂಡ್ ಇತ್ತು. ಬೀದರಿನಿಂದ ರಾಯಚೂರಿನವರೆಗೆ ಹೆಸರು. ಅವರ ಜಂಭ ನೋಡಲಾರದೆ ಒಂದು ಕಾದಂಬರಿ ಬರೆದು ನಾಲ್ವರನ್ನೂ ಚೆನ್ನಾಗಿ ಗೇಲಿ ಮಾಡಿದೆ. ಮೂವರು ಕೆಲವು ದಿನ ಹಾರಾಡಿ, ಬೈದು ಸುಮ್ಮನಾದರು. ಗಿಟಾರಿನವನು ಮಾತ್ರ ಬೈಯಲೂ ಇಲ್ಲ, ಅಂದಿನಿಂದ ಮಾತೇ ಬಿಟ್ಟ. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳೆಯ. ಪುಸ್ತಕದ ಬಗ್ಗೆ ನನಗೆ ಹೆಮ್ಮೆ ಎಷ್ಟಿದೆಯೋ ಈ ಸಂಕಟವೂ ಅಷ್ಟೇ ಇದೆ.

೧. ನಗದ ಹುಡುಗರು

ಕುಸನೂರ ಕಡೆಯ ಒಂದು ಕಾಲೇಜಿನಲ್ಲಿ ಓದಲು ಕರೆದಿದ್ದರು. ಹಿಂದೆ ಜನ ಬಿದ್ದುಬಿದ್ದು ನಗುತ್ತಿದ್ದ ಪುಟವನ್ನೇ ಆರಿಸಿದೆ: ಕ್ಯಾಸೆಟ್ ಹಾಡುತ್ತದೆ, ಗಾಯಕ ಬರೀ ಬಾಯಿ ಆಡಿಸುತ್ತಾನೆ, ಕೇಳಲು ಬಂದವರು ವೇದಿಕೆಗೆ ಬೆನ್ನು ತಿರುಗಿಸಿ ನಿಂತು ತಮ್ಮದೇ ಫೋಟೊ ತೆಗೆದುಕೊಳ್ಳುತ್ತಾರೆ. ಒಬ್ಬರೂ ನಗಲಿಲ್ಲ.

"ಯಾಕ್ರಪಾ, ನಗು ಬರಲಿಲ್ಲೇನು?" ಎಂದೆ.

ಮುಂದೆ ಕೂತ ಹುಡುಗಿ ಎದ್ದು, "ಇದರಾಗ ನಗೂದು ಏನದ ಸರ್? ಹೋದ ವಾರ ನಮ್ಮ ಕಾಲೇಜ್ ಡೇ ಹಿಂಗೇ ಆಯ್ತಲ್ರಿ" ಎಂದಳು.

ವಂದನಾರ್ಪಣೆಯಲ್ಲಿ ಪ್ರಾಂಶುಪಾಲರು ನನ್ನನ್ನು ಭವಿಷ್ಯ ಕಂಡ ಲೇಖಕರು ಎಂದು ಹೊಗಳಿದರು. ನಾನು ಬೇಡ ಅನ್ನಲಿಲ್ಲ.

೨. ಎಮ್ಮೆಯ ಪುಟ

ಡ್ರಮ್ಸಿನವನು ಬಾರಿಸಿದ ಹೊಡೆತಕ್ಕೆ ಕೋಟನೂರಿನ ಎಮ್ಮೆಗಳು ಮೂರು ದಿನ ಹಾಲು ಕೊಡಲಿಲ್ಲ ಎಂದು ಬರೆದಿದ್ದೆ. ಆಗ ಅವನು ನನ್ನನ್ನು ಹೊಡೆಯಲು ಹುಡುಕುತ್ತಿದ್ದ. ಈಗ ಅವನದು ಪೈಪು-ನಲ್ಲಿಗಳ ಅಂಗಡಿ. ಮೊನ್ನೆ ಹೋದರೆ ಆ ಪುಟಕ್ಕೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾನೆ! ಬಂದ ಗಿರಾಕಿಗೆಲ್ಲ "ಓದ್ರಿ, ಓದ್ರಿ" ಎನ್ನುತ್ತಿದ್ದ.

ನನ್ನನ್ನು ಪಕ್ಕಕ್ಕೆ ಕರೆದು, "ಮತ್ತೊಮ್ಮೆ ಅಚ್ಚು ಹಾಕಿಸಿದ್ರ ಮೂರು ದಿನ ತೆಗದು ಒಂದು ವಾರ ಮಾಡು ಮಾರಾಯಾ. ಮೊಮ್ಮಕ್ಕಳ ಮುಂದ ವಾರ ಅಂತ ಹೇಳೀನಿ" ಎಂದ.

೩. ಕಮಲಾಪುರದ ಸಭೆ

ಗಿಟಾರಿನವನ ಸಿಟ್ಟಿಗೆ ಕಾರಣವಿತ್ತು. ಕೊನೆಯ ಅಧ್ಯಾಯದಲ್ಲಿ ಅವನನ್ನು ಕಮಲಾಪುರದ ವೇದಿಕೆಯ ಮೇಲೆ ಕೆಂಪು ಬಾಳೆಹಣ್ಣಿನ ಸಿಪ್ಪೆ ತುಳಿಸಿ, ಜಾರಿಸಿ, ಕೊಂದೇಬಿಟ್ಟಿದ್ದೆ. ತಮ್ಮೂರ ಬಾಳೆಹಣ್ಣು ಪುಸ್ತಕಕ್ಕೆ ಬಂತಲ್ಲ ಎಂದು ಕಮಲಾಪುರದವರಿಗೆ ಹೆಮ್ಮೆಯೋ ಹೆಮ್ಮೆ. ಅಲ್ಲಿನ ಓದುಗರ ಬಳಗ ಕಾದಂಬರಿಗೆ ಇಪ್ಪತ್ತೈದು ತುಂಬಿತೆಂದು ಸಭೆ ಇಟ್ಟು ನನ್ನನ್ನೂ ಡ್ರಮ್ಸಿನವನನ್ನೂ ಕರೆಯಿತು. ಅವನು ಯಾರಿಗೂ ಹೇಳದೆ ಗಿಟಾರಿನವನನ್ನೂ ಎಳೆದು ತಂದು ಹಿಂದಿನ ಸಾಲಿನಲ್ಲಿ ಕೂಡಿಸಿದ್ದ.

ವೇದಿಕೆಯ ಮೇಲೆ ನೋಡಿದರೆ, ಗಿಟಾರಿನವನ ಉದ್ದ ಕೂದಲಿನ ಹಳೆಯ ಫೋಟೊ, ಅದಕ್ಕೆ ಹಾರ, ಮುಂದೆ ಊದಿನಕಡ್ಡಿ! ನಾನು ಬಾಯಿ ತೆರೆಯುವಷ್ಟರಲ್ಲಿ ಬಳಗದ ಅಧ್ಯಕ್ಷರು ಮೈಕ್ ಹಿಡಿದು, "ನಮ್ಮೂರಾಗೇ ಪ್ರಾಣ ಬಿಟ್ಟ ಕಲಾವಿದರ ಆತ್ಮಕ್ಕ ಶಾಂತಿ ಸಿಗಲಿ. ಎಲ್ಲರೂ ಒಂದು ನಿಮಿಷ ಎದ್ದು ನಿಂದರ್ರಿ" ಎಂದರು.

ಎಲ್ಲರೂ ಎದ್ದರು. ಗಿಟಾರಿನವನೂ ಎದ್ದ. ಈಗ ಬೋಳುತಲೆ, ಯಾರಿಗೂ ಗುರುತು ಹತ್ತಲಿಲ್ಲ. ತಲೆ ತಗ್ಗಿಸಿ, ಕೈಕಟ್ಟಿ, ತನಗೆ ತಾನೇ ಪೂರ್ತಿ ಒಂದು ನಿಮಿಷ ಮೌನ ಆಚರಿಸಿದ.

ಆಮೇಲೆ ನೇರವಾಗಿ ವೇದಿಕೆಗೆ ಬಂದು ಫೋಟೊದ ಹಾರ ತೆಗೆದು ತನ್ನ ಕೊರಳಿಗೆ ಹಾಕಿಕೊಂಡ. ಸಭೆ ಬೆಚ್ಚಿಬಿತ್ತು. "ಇಷ್ಟು ವರ್ಷ ಒಂದು ಮಾತೂ ಆಡಲಿಲ್ಲಲ್ಲೋ, ಅಷ್ಟು ಸಿಟ್ಟೇನೋ?" ಎಂದೆ.

ಅವನು ನನ್ನ ಹೆಗಲ ಮೇಲೆ ಕೈ ಹಾಕಿ ಮೈಕಿನಲ್ಲೇ ಹೇಳಿದ: "ಕೊಂದಾಂವ ನೀನೇ. ಸತ್ತಾಂವ ಹೆಂಗ ಮಾತಾಡಬೇಕೋ?"