ಸೈರನ್ನೂ ಬನ್ನಣ್ಣನ ನಿದ್ದೆಯೂ

ಬನ್ನಣ್ಣನಿಗೆ ಬೇಕಾಗಿದ್ದುದು ಆರು ಗಂಟೆಯ ನಿದ್ದೆ, ಅಷ್ಟೇ. ರಾತ್ರಿಯಿಡೀ ಬೇಕರಿಯ ಒಲೆಯ ಮುಂದೆ ನಿಂತು ಬನ್ನು ಬೇಯಿಸುವವನು ಹಗಲಲ್ಲದೆ ಇನ್ಯಾವಾಗ ಮಲಗಬೇಕು? ಆ ವಾರ ಆಗಲೇ ಎರಡು ಸಲ ತೂಕಡಿಸಿ ಬನ್ನುಗಳನ್ನು ಕರಕಲು ಮಾಡಿದ್ದ. "ಇನ್ನೊಂದು ಸಲ ಸೀದ್ರೆ ಅದೇ ಬನ್ನು ಕಟ್ಕೊಂಡು ಮನೆಗೆ ಹೋಗು, ಮತ್ತೆ ಬರಬೇಡ" ಎಂದು ಯಜಮಾನರು ಅಂದು ಮುಂಜಾನೆಯೇ ಹೇಳಿ ಕಳಿಸಿದ್ದರು.

ಮನೆಗೆ ಬಂದು ಕಣ್ಣು ಮುಚ್ಚಿದ್ದನೋ ಇಲ್ಲವೋ, ಕಿಟಕಿಯಾಚೆ ಸೈರನ್ ಕೂಗಿತು. ಬಾಲ ತುಳಿಸಿಕೊಂಡ ನೂರು ಬೆಕ್ಕುಗಳು ಒಟ್ಟಿಗೆ ಅರಚಿದ ಹಾಗೆ. ಬನ್ನಣ್ಣ ಮಂಚದಿಂದ ಉರುಳಿಬಿದ್ದ.

ಹೊರಗೆ ನಿವೃತ್ತ ದೊಡ್ಡ ಟೀಚರು ಮುಚ್ಚಿಹೋದ ಗಿರಣಿಯ ಹಳೆಯ ಕೈಸೈರನ್ನಿನ ಹಿಡಿ ತಿರುಗಿಸುತ್ತಿದ್ದರು.

"ಎಲ್ಲಿ ಬೆಂಕಿ ಬಿತ್ತು ಟೀಚರಮ್ಮ?"

"ಬೀಳಬಾರದು ಅಂತಾನೇ ಇದು! ಅಣುಬಾಂಬು ಬೇಡ ಅಂತ ನಮ್ಮೂರು ನಿರ್ಣಯ ಮಾಡ್ಬೇಕು. ಬೀದಿಯೋರೆಲ್ಲ ಇವತ್ತು ನಗರಸಭೆ ಮುಂದೆ ಹೋಗ್ತಿದ್ದೀವಿ. ಹಾಕು ಸಹಿ."

ಸಹಿ ಹಾಕಿ ಬಂದು ಮಲಗಿದ. ಆಮೇಲೆ ಎದುರುಮನೆಯ ದರ್ಜಿ ಬಂದ.

"ಬೀದಿಗೆಲ್ಲ ಉದ್ದನೇ ಮಂಚ ನಿಂದೇ ಕಣೋ. ಸ್ವಲ್ಪ ಏಳು, ಬ್ಯಾನರ್ ಹಾಸಿ ಅಕ್ಷರ ಬರೀಬೇಕು."

ದರ್ಜಿ ಬರೆದು ಹೋದ ಮೇಲೆ ಬನ್ನಣ್ಣ ಮತ್ತೆ ಬಿದ್ದುಕೊಂಡ, ಹಾಸಿಗೆಗೆ ಇಳಿದಿದ್ದ ಕೆಂಪು ಬಣ್ಣದ ಮೇಲೆಯೇ. ಅಷ್ಟರಲ್ಲಿ ಮತ್ತೆ ಸೈರನ್! ಕಾಲು ಹಿಡಿದಾದರೂ ನಿಲ್ಲಿಸುತ್ತೇನೆಂದು ಆಚೆ ಓಡಿದ.

"ನೋಡ್ರಪ್ಪ, ಮನೆಯಿಂದಲೇ ರಕ್ತ ಬಳ್ಕೊಂಡು ಬಂದಿದಾನೆ!" ಎಂದು ಟೀಚರು ಚಪ್ಪಾಳೆ ತಟ್ಟಿದರು. "ಸೈರನ್ ಕೂಗಿದ ತಕ್ಷಣ ಎಲ್ಲರೂ ಬಾಂಬಿಗೆ ಸತ್ತವರ ಹಾಗೆ ರಸ್ತೇಲಿ ಮಲಗೋದು. ನೀನೇ ಮುಂದುಗಡೆ."

"ಮಲಗೋದಾ?"

"ಹತ್ತು ನಿಮಿಷ. ಯಾರೂ ಪಿಟಕ್ಕನ್ನೋ ಹಾಗಿಲ್ಲ. ಗಾಡಿಗಳನ್ನೂ ನಿಲ್ಲಿಸ್ತಾರೆ."

"ನಡೀರಿ ಟೀಚರಮ್ಮ" ಎಂದ ಬನ್ನಣ್ಣ.

ನಗರಸಭೆಯ ಮುಂದೆ ಸೈರನ್ ಕೂಗಿತು, ಬೀದಿಗೆ ಬೀದಿಯೇ ಮಲಗಿತು. ಹತ್ತು ನಿಮಿಷಕ್ಕೆ ಪೀಪಿ ಊದಿದಾಗ ಎಲ್ಲರೂ ಧೂಳು ಕೊಡವಿಕೊಂಡು ಎದ್ದರು. ಬನ್ನಣ್ಣ ಏಳಲಿಲ್ಲ.

"ಅಯ್ಯೋ, ಇವರನ್ನ..." ಎಂದು ಪಕ್ಕದಲ್ಲೇ ಮಲಗಿ ಎದ್ದಿದ್ದ ಅವನ ಹೆಂಡತಿ ಎಬ್ಬಿಸಲು ಬಗ್ಗಿದಳು.

"ಮುಟ್ಟಬೇಡಮ್ಮ! ನಿರ್ಣಯ ಆಗೋ ತನಕ ಏಳಲ್ಲ ಅಂತ ಹಟ ಹಿಡಿದಿದಾನೆ" ಎಂದರು ಟೀಚರು.

ಅಷ್ಟರಲ್ಲಿ ಗೊರಕೆ ಶುರುವಾಯಿತು. ದರ್ಜಿಯ ಕಣ್ಣಲ್ಲಿ ನೀರು. "ಹ್ಯಾಗೆ ನರಳ್ತಾನೆ ನೋಡಿ. ಥೇಟ್ ಕೊನೇ ಉಸಿರು!"

"ಇಪ್ಪತ್ತು ವರ್ಷದಿಂದ ಕೇಳ್ತಿದೀನಿ, ಅದು ಕೊನೇದಲ್ಲ" ಎಂದಳು ಹೆಂಡತಿ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜನ ಸೇರಿತು. ಒಬ್ಬರು ಕೊಡೆ ಹಿಡಿದರು, ಒಬ್ಬರು ನೊಣ ಓಡಿಸಿದರು. ಕೆಮ್ಮು ಬಂದವರು ಪಕ್ಕದ ಬೀದಿಗೆ ಹೋಗಿ ಕೆಮ್ಮಿ ಬಂದರು. ಒಳಗೆ ಸದಸ್ಯರು ಕಚ್ಚಾಡಿದರು, ಕಿಟಕಿಯಿಂದ ಇಣುಕಿದರು, ಮತ್ತೆ ಕಚ್ಚಾಡಿದರು. ಕೊನೆಗೆ ಸಂಜೆ ನಾಲ್ಕಕ್ಕೆ ನಗರಸಭೆಯ ಅಧ್ಯಕ್ಷರು ಬೆವರೊರೆಸುತ್ತ ಬಂದು ಓದಿದರು: ಈ ಊರಿಗೆ ಅಣ್ವಸ್ತ್ರ ಬೇಡ, ಯಾವ ದೇಶವೂ ಇಟ್ಟುಕೊಳ್ಳುವುದು ಬೇಡ.

ಚಪ್ಪಾಳೆಯ ಸದ್ದಿಗೆ ಬನ್ನಣ್ಣ ಧಡಕ್ಕನೆ ಎದ್ದು ಕೂತು, "ಬನ್ನೆಲ್ಲ ಸೀದುಹೋಯ್ತಾ?" ಎಂದ.

"ಕೇಳಿದ್ರಾ?" ಟೀಚರು ಜನರತ್ತ ತಿರುಗಿದರು. "ಸುಟ್ಟುಹೋದ ಲೋಕದಲ್ಲಿ ಮನುಷ್ಯ ಕೇಳೋದು ಒಂದು ತುತ್ತನ್ನ!"

"ನಿಜ ಹೇಳ್ತೀನಿ ಟೀಚರಮ್ಮ, ನಾನು ನಿದ್ದೆ ಮಾಡ್ಬಿಟ್ಟೆ."

"ಎಷ್ಟು ವಿನಯ!" ಎಂದಿತು ಜನ.

ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದರು. ಕಣ್ತುಂಬ ನಿದ್ದೆಯಾಗಿ ಹೂವಿನ ಹಾಗೆ ಹಗುರವಾಗಿದ್ದ ಬನ್ನಣ್ಣ; ಇನ್ನು ಒಂದು ಬನ್ನೂ ಸೀಯುವುದಿಲ್ಲ ಎಂದುಕೊಂಡ. ಒಳಗೆ ಬಂದು ನೋಡಿದರೆ ಮಂಚ ಗೋಡೆಗೆ ಒರಗಿ ನಿಂತಿದೆ. ಅದರ ಜಾಗದಲ್ಲಿ ಮೇಜು, ಮೇಜಿನ ಮೇಲೆ ನಾಲ್ಕು ಬೋಲ್ಟು ಹಾಕಿ ಬಿಗಿದ ಸೈರನ್.

"ಇನ್ಮೇಲೆ ಇದೇ ಸಮಿತಿ ಕಚೇರಿ, ನೀನೇ ಅಧ್ಯಕ್ಷ" ಎಂದರು ಟೀಚರು. "ನಾಳೆ ಬೆಳಗ್ಗೆಯಿಂದ ಸುತ್ತಲಿನ ಊರಿನೋರು ನಿನ್ನ ಹತ್ರ ಚಳವಳಿ ಕಲಿಯೋಕೆ ಬರ್ತಾರೆ. ಸೈರನ್ ಗಂಟೆಗೊಂದು ಸಲ ತಿರುಗಿಸ್ಬೇಕು, ಇಲ್ದಿದ್ರೆ ತುಕ್ಕು ಹಿಡಿಯತ್ತೆ."

"ಮತ್ತೆ... ಮಲಗೋದು?"

"ಇನ್ಯಾಕಪ್ಪ ಮಲಗೋದು? ನಿರ್ಣಯ ಆಯ್ತಲ್ಲ!" ಎಂದು ಟೀಚರು ನಕ್ಕು, ಸೈರನ್ನಿನ ಹಿಡಿಯನ್ನು ಅವನ ಕೈಗಿತ್ತರು.